ಮೊತ್ತದ ಲಿಮಿಟ್: ಸೊನ್ನೆಯಾಗುವ ಚೂರುಗಳು ಸೇರಿದರೆ ಸೊನ್ನೆ ಯಾಕೆ ಆಗಲ್ಲ?

ಸೆಕೆಂಡ್ ಪಿಯುಸಿ ಪರೀಕ್ಷೆ ಮುಗಿದ ಕೂಡಲೇ ಕೋಲಾರದ ಕಡೆ ಸೈನ್ಸ್ ತಗೊಂಡ ಮಕ್ಕಳಿಗೆ ಇನ್ನೊಂದು ಓಟ ಶುರುವಾಗುತ್ತದೆ. ಸಿಇಟಿ, ಜೆಇಇ. ಬಂಗಾರಪೇಟೆಯಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ತೊಡೆ ಮೇಲೆ ಪುಸ್ತಕ ಇಟ್ಟುಕೊಂಡು ಲೆಕ್ಕ ಬಿಡಿಸುತ್ತಾ ಕೂತವರು ಸಿಗುತ್ತಾರೆ. ಈ ತಯಾರಿಯಲ್ಲಿ ತುಂಬಾ ಮಕ್ಕಳನ್ನು ತಡೆದು ನಿಲ್ಲಿಸುವ ಒಂದು ಜಾತಿಯ ಲೆಕ್ಕ ಇದೆ. ಇದನ್ನೇ ನೋಡಿ:

1/(ಎನ್+1) + 1/(ಎನ್+2) + 1/(ಎನ್+3) + … + 1/(ಎನ್+ಎನ್)

ಎನ್ ಅನಂತದ ಕಡೆಗೆ ಹೋದಾಗ ಈ ಮೊತ್ತ ಎಷ್ಟಕ್ಕೆ ಬಂದು ಸೇರುತ್ತದೆ?

ನಮ್ಮ ಪಿಯು ಕಾಲೇಜುಗಳ ಗಣಿತಕ್ಕೆ ಎನ್‌ಸಿಇಆರ್‌ಟಿ ಪಠ್ಯವೇ ಆಧಾರ. ಆ ಪುಸ್ತಕವನ್ನು ಹಗುರ ಮಾಡುವಾಗ, ಇಂಟಿಗ್ರಲ್ ಅನ್ನೋದು ಒಂದು ಮೊತ್ತದ ಲಿಮಿಟ್ ಎಂದು ವಿವರಿಸುವ ಭಾಗವನ್ನು ತೆಗೆದುಹಾಕಿದರು. ಆದರೆ ಜೆಇಇ ಅಡ್ವಾನ್ಸ್ಡ್ ಪಠ್ಯಕ್ರಮದಲ್ಲಿ ಅದು ಇನ್ನೂ ಇದೆ. ಹಾಗಾಗಿ ಕಾಲೇಜಿನಲ್ಲಿ ಸೂತ್ರ ಹಾಕಿ ಇಂಟಿಗ್ರೇಷನ್ ಮಾಡಲು ಕಲಿತ ಹುಡುಗಿಗೆ ಈ ಲೆಕ್ಕ ನೋಡಿದರೆ ಇದು ಯಾವ ಪಾಠದ್ದು ಅಂತಲೇ ಹೊಳೆಯುವುದಿಲ್ಲ. ಲಿಮಿಟ್ ಪಾಠದ್ದಾ? ಶ್ರೇಢಿ ಪಾಠದ್ದಾ? ಎರಡೂ ಹೌದು. ಆದರೆ ಉತ್ತರ ಸಿಗುವುದು ಇಂಟಿಗ್ರೇಷನ್ ಅನ್ನೋ ಇನ್ನೊಂದು ಪಾಠದಲ್ಲಿ. ಇಲ್ಲಿ ಅದನ್ನು ಬುಡದಿಂದ ನೋಡೋಣ.

## ಮೊದಲು ಎರಡು ಮಾತು: ಮೊತ್ತ, ಲಿಮಿಟ್

ಮೇಲಿನ ಲೆಕ್ಕದಲ್ಲಿ ಎರಡು ಅಕ್ಷರಗಳ ಕೆಲಸವನ್ನು ಬೇರೆ ಬೇರೆಯಾಗಿ ನೋಡಬೇಕು. ಒಂದು ಎನ್. ಇನ್ನೊಂದನ್ನು ನಾವು ಕೆ ಅಂತ ಕರೆಯೋಣ.

ಕೆ ಅಂದರೆ ಎಣಿಕೆ. ಒಂದನೇ ಪದ, ಎರಡನೇ ಪದ, ಮೂರನೇ ಪದ ಅಂತ ಲೆಕ್ಕ ಇಡುವುದು ಅದರ ಕೆಲಸ. ನಮ್ಮ ಮೊತ್ತದ ಕೆ-ನೇ ಪದ 1/(ಎನ್+ಕೆ). ಕೆ 1ರಿಂದ ಎನ್‌ವರೆಗೆ ಓಡುತ್ತದೆ. ಇಷ್ಟುದ್ದ ಬರೆಯುವ ಬದಲು ಗಣಿತದವರು ಮುಂದೆ ಒಂದು ದೊಡ್ಡ ಸಿಗ್ಮಾ, Σ, ಹಾಕುತ್ತಾರೆ. ಅದರ ಕೆಳಗೆ ಕೆ ಎಲ್ಲಿಂದ ಶುರು, ಮೇಲೆ ಎಲ್ಲಿಗೆ ಕೊನೆ ಅಂತ ಬರೆಯುತ್ತಾರೆ. ಸಿಗ್ಮಾ ಕಂಡರೆ ಕೂಡಿಸು ಅಂತ ಅರ್ಥ, ಅಷ್ಟೇ.

ಎನ್ ಕೆಲಸ ಬೇರೆ. ಕೂಡಿಸುವಾಗ ಅದು ಅಲ್ಲಾಡುವುದಿಲ್ಲ. ಎನ್ 10 ಅಂದರೆ 10. ಆಗ ನಮ್ಮ ಮೊತ್ತ 1/11 + 1/12 + … + 1/20. ಕೂಡಿಸಿದರೆ ಸುಮಾರು 0.6688. ಆಮೇಲೆ ಎನ್ ಅನ್ನು 100 ಮಾಡಿ ಮತ್ತೆ ಮೊದಲಿನಿಂದ ಕೂಡಿಸುತ್ತೇವೆ. ಈ ಸಲ 1/101ರಿಂದ 1/200ರವರೆಗೆ. ಹಳೆಯ ಪದಗಳ ಪೈಕಿ ಒಂದೂ ಇದರಲ್ಲಿ ಇಲ್ಲ ಅನ್ನೋದನ್ನು ಗಮನಿಸಿ. ಇಡೀ ಸಾಲೇ ಬದಲಾಗಿದೆ. ಇದು ಮುಖ್ಯ, ಮುಂದೆ ಬೇಕಾಗುತ್ತದೆ.

ಇನ್ನು ಲಿಮಿಟ್. ಎನ್ ಜಾಸ್ತಿ ಮಾಡುತ್ತಾ ಹೋದಂತೆ ಮೊತ್ತಗಳು ಒಂದು ಸಂಖ್ಯೆಗೆ ಹತ್ತಿರ ಹತ್ತಿರ ಬರುತ್ತವೆ ಅಂದುಕೊಳ್ಳಿ. ನೀವು ಎಷ್ಟೇ ಸಣ್ಣ ಅಂತರ ಹೇಳಿದರೂ ಒಂದು ಹಂತ ದಾಟಿದ ಮೇಲೆ ಎಲ್ಲ ಮೊತ್ತಗಳೂ ಆ ಅಂತರದೊಳಗೇ ಉಳಿದರೆ, ಆ ಸಂಖ್ಯೆಯೇ ಲಿಮಿಟ್. ಎನ್ ಯಾವತ್ತೂ ಅನಂತ ಆಗುವುದಿಲ್ಲ. ನಾವು ಅನಂತ ಪದಗಳನ್ನು ಕೂಡಿಸುವುದೂ ಇಲ್ಲ. ಪ್ರತಿ ಸಲವೂ ಲೆಕ್ಕಕ್ಕೆ ಸಿಗುವಷ್ಟು ಪದಗಳನ್ನೇ ಕೂಡಿಸಿ, ಬರುವ ಉತ್ತರಗಳು ಎತ್ತ ಸಾಗುತ್ತಿವೆ ಅಂತ ನೋಡುತ್ತೇವೆ.

## ಸೊನ್ನೆ ಅನ್ನೋ ಉತ್ತರ ಯಾಕೆ ತಪ್ಪು

ಈ ಲೆಕ್ಕ ಕೊಟ್ಟ ಕೂಡಲೇ ಬರುವ ಉತ್ತರ ಸೊನ್ನೆ. ಕಾರಣವೂ ಸರಿ ಅನ್ನಿಸುವಂಥದ್ದೇ. ಎನ್ ದೊಡ್ಡದಾದರೆ 1/(ಎನ್+1) ಸೊನ್ನೆಗೆ ಹೋಗುತ್ತದೆ. 1/(ಎನ್+2) ಸಹ ಸೊನ್ನೆಗೆ ಹೋಗುತ್ತದೆ. ಎಲ್ಲವೂ ಸೊನ್ನೆ. ಸೊನ್ನೆಗಳನ್ನು ಕೂಡಿಸಿದರೆ ಸೊನ್ನೆ ಅಲ್ವಾ?

ಲಿಮಿಟ್ ಪಾಠದಲ್ಲಿ ಒಂದು ನಿಯಮ ಕಲಿತಿರುತ್ತೇವೆ: ಮೊತ್ತದ ಲಿಮಿಟ್ ಅಂದರೆ ಲಿಮಿಟ್‌ಗಳ ಮೊತ್ತ. ಆ ನಿಯಮಕ್ಕೆ ಒಂದು ಷರತ್ತಿದೆ. ಪದಗಳ ಸಂಖ್ಯೆ ಬದಲಾಗಬಾರದು. ಎರಡು ಪದ ಇದ್ದರೆ ಕೊನೆವರೆಗೂ ಎರಡೇ, ಐವತ್ತು ಇದ್ದರೆ ಐವತ್ತೇ. ಇಲ್ಲಿ ಹಾಗಿಲ್ಲ. ಎನ್ ಬೆಳೆದ ಹಾಗೆ ಪ್ರತಿ ಪದವೂ ಸಣ್ಣದಾಗುತ್ತದೆ, ಅದೇ ಹೊತ್ತಿಗೆ ಪದಗಳ ಸಂಖ್ಯೆಯೂ ಏರುತ್ತದೆ.

ಇದರಲ್ಲಿ ಯಾವುದು ಗೆಲ್ಲುತ್ತದೆ ಅನ್ನೋದೇ ಇಡೀ ಪ್ರಶ್ನೆ. ತೀರಾ ಸುಲಭದ ಉದಾಹರಣೆ ತಗೊಳ್ಳಿ. 1/ಎನ್ ಅನ್ನು ಎನ್ ಸಲ ಕೂಡಿಸಿ. ಪ್ರತಿ ಚೂರೂ ಸೊನ್ನೆಗೆ ಹೋಗುತ್ತದೆ. ಮೊತ್ತ ಮಾತ್ರ ಯಾವಾಗಲೂ 1. ಎನ್ ಹತ್ತಾಗಲಿ, ಹತ್ತು ಲಕ್ಷ ಆಗಲಿ, 1ರಿಂದ ಕದಲುವುದಿಲ್ಲ. ಅದೇ 1/ಎನ್² ಅನ್ನು ಎನ್ ಸಲ ಕೂಡಿಸಿದರೆ ಬರುವುದು 1/ಎನ್, ಅದು ಸೊನ್ನೆಗೆ ಹೋಗುತ್ತದೆ. 1/√ಎನ್ ಅನ್ನು ಎನ್ ಸಲ ಕೂಡಿಸಿದರೆ √ಎನ್, ಅದು ಮಿತಿಯಿಲ್ಲದೆ ಬೆಳೆಯುತ್ತದೆ. ಮೂರರಲ್ಲೂ ಚೂರುಗಳು ಸೊನ್ನೆಗೇ ಹೋಗುತ್ತಿವೆ, ಉತ್ತರ ಮಾತ್ರ ಮೂರು ಥರ.

ನಮ್ಮ ಲೆಕ್ಕಕ್ಕೆ ಬಂದರೆ, ಅತಿ ದೊಡ್ಡ ಪದ 1/(ಎನ್+1), ಅತಿ ಸಣ್ಣದು 1/(2ಎನ್). ಎಲ್ಲ ಎನ್ ಪದಗಳೂ ಕನಿಷ್ಠ 1/(2ಎನ್) ಇರುವುದರಿಂದ ಮೊತ್ತ ಅರ್ಧಕ್ಕಿಂತ ಕಡಿಮೆ ಆಗಲಾರದು. ಎಲ್ಲವೂ 1/ಎನ್‌ಗಿಂತ ಸಣ್ಣವಾದ್ದರಿಂದ ಮೊತ್ತ 1ನ್ನು ಮುಟ್ಟಲಾರದು. ಅಂದರೆ ಉತ್ತರ ಅರ್ಧಕ್ಕೂ ಒಂದಕ್ಕೂ ನಡುವೆ ಎಲ್ಲೋ ಇದೆ. ಕಷ್ಟದ ಯಾವ ಸೂತ್ರವೂ ಇಲ್ಲದೆ ಸೊನ್ನೆ ಅನ್ನೋ ಉತ್ತರ ಬಿದ್ದುಹೋಯಿತು. ಪರೀಕ್ಷೆಯಲ್ಲಿ ಈ ಒಂದು ನಿಮಿಷದ ಅಂದಾಜು ಮಾಡಿಕೊಂಡರೆ ನಾಲ್ಕು ಆಯ್ಕೆಗಳಲ್ಲಿ ಎರಡು ಮೂರನ್ನು ಅಲ್ಲೇ ಹೊಡೆದುಹಾಕಬಹುದು.

## ಕೂಡಿಸುವ ಸೂತ್ರ ಇದ್ದರೆ ಅದೇ ಹತ್ತಿರದ ದಾರಿ

ಕೆಲವು ಮೊತ್ತಗಳಿಗೆ ಮೊದಲೇ ಸೂತ್ರ ಗೊತ್ತಿರುತ್ತದೆ. 1ರಿಂದ ಎನ್‌ವರೆಗಿನ ಸಂಖ್ಯೆಗಳ ಮೊತ್ತ ಎನ್(ಎನ್+1)/2. ಅವುಗಳ ವರ್ಗಗಳ ಮೊತ್ತ ಎನ್(ಎನ್+1)(2ಎನ್+1)/6. ವರ್ಗಗಳ ಮತ್ತು ಘನಗಳ ಮೊತ್ತ ಹೇಗೆ ಕಂಡುಹಿಡಿಯಬೇಕು ಅಂತ ಆರ್ಯಭಟ 499ರಲ್ಲೇ ಶ್ಲೋಕದಲ್ಲಿ ಹೇಳಿದ್ದಾನೆ.

(1² + 2² + … + ಎನ್²)/ಎನ್³ ಇದರ ಲಿಮಿಟ್ ಬೇಕು ಅಂದುಕೊಳ್ಳಿ. ಮೇಲೆ ಸೂತ್ರ ಹಾಕಿ ಎನ್³ನಿಂದ ಭಾಗಿಸಿದರೆ (1 + 1/ಎನ್)(2 + 1/ಎನ್)/6 ಸಿಗುತ್ತದೆ. ಎನ್ ಬೆಳೆದಂತೆ 1/ಎನ್ ಕರಗಿಹೋಗುತ್ತದೆ. ಉಳಿಯುವುದು 2/6, ಅಂದರೆ 1/3. ಸಂಖ್ಯೆ ಹಾಕಿ ನೋಡಿ. ಎನ್ 10 ಆದರೆ 0.385. ನೂರಾದರೆ 0.33835. ಸಾವಿರ ಆದರೆ 0.3338335. ಮೂರನೇ ಒಂದರ ಕಡೆಗೇ ಬರುತ್ತಿದೆ.

ಹೀಗೆಯೇ (1 + 2 + … + ಎನ್)/ಎನ್² ಅರ್ಧಕ್ಕೆ ಬರುತ್ತದೆ, ಘನಗಳ ಮೊತ್ತವನ್ನು ಎನ್⁴ರಿಂದ ಭಾಗಿಸಿದರೆ ಕಾಲು ಭಾಗಕ್ಕೆ. ಅರ್ಧ, ಮೂರನೇ ಒಂದು, ಕಾಲು. ಎಕ್ಸ್, ಎಕ್ಸ್², ಎಕ್ಸ್³ ಇವುಗಳನ್ನು 0ಯಿಂದ 1ರವರೆಗೆ ಇಂಟಿಗ್ರೇಟ್ ಮಾಡಿದವರಿಗೆ ಈ ಮೂರೂ ಗುರುತಿನ ಮುಖಗಳು. ಇದು ಕಾಕತಾಳೀಯ ಅಲ್ಲ.

1/(ಎನ್+1) + … + 1/(2ಎನ್) ಮೊತ್ತಕ್ಕೆ ಮಾತ್ರ ಇಂಥ ಸರಳ ಸೂತ್ರ ಇಲ್ಲ. ಅಲ್ಲಿಗೆ ಈ ದಾರಿ ಮುಗಿಯಿತು. ಬೇರೆ ಕಡೆಯಿಂದ ಬರಬೇಕು.

## ಕೆರೆಯ ನೀರು ಎಷ್ಟು ಎಕರೆ ನಿಂತಿದೆ?

ಕೋಲಾರ, ಚಿಕ್ಕಬಳ್ಳಾಪುರದ ಕಡೆ ವರ್ಷವಿಡೀ ಹರಿಯುವ ನದಿ ಇಲ್ಲ. ಊರಿಗೊಂದು ಕೆರೆ ಇದೆ. ಹಾಗಾಗಿ ಮಳೆ ಬಂದ ಮೇಲೆ, ಅಥವಾ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಬರಲು ಶುರುವಾದ ಕೆರೆಗಳಲ್ಲಿ, ನೀರು ಎಷ್ಟು ದೂರ ನಿಂತಿದೆ ಅನ್ನೋದು ಇಲ್ಲಿ ಮಾಮೂಲಿ ಮಾತು. ಆ ಪ್ರಶ್ನೆಯನ್ನೇ ಗಣಿತ ಮಾಡಿ ನೋಡೋಣ.

ಒಂದು ಸಣ್ಣ ಕೆರೆ ಅಂದುಕೊಳ್ಳಿ. ಒಂದು ಕಡೆ ನೇರವಾದ ಏರಿ. ಇನ್ನೊಂದು ಕಡೆ ನೀರಿನ ಅಂಚು ಡೊಂಕುಡೊಂಕಾಗಿ ಅಂಗಳದಲ್ಲಿ ಹರಡಿಕೊಂಡಿದೆ. ನೇರ ಗೆರೆ ಇದ್ದ ಕಡೆ ಅಳತೆ ಸುಲಭ. ಡೊಂಕು ಅಂಚಿಗೆ ಉದ್ದ ಇಂಟು ಅಗಲ ಅಂತ ಹಾಕೋಕೆ ಆಗಲ್ಲ.

ನಮ್ಮ ಹಳೆಯ ಸರ್ವೆ ಲೆಕ್ಕದಲ್ಲಿ ಸರಪಳಿ ಅಂದರೆ 33 ಅಡಿ, ಅದರಲ್ಲಿ 16 ಆಣೆ. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಇರುವ ಚೌಕ 1,089 ಚದರ ಅಡಿ, ಅದೇ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಈ ಹೊಂದಾಣಿಕೆ ತುಂಬಾ ಅನುಕೂಲ: ಸರಪಳಿಯಲ್ಲಿ ಅಳೆದ ಉದ್ದ ಅಗಲ ಗುಣಿಸಿದರೆ ಉತ್ತರ ನೇರವಾಗಿ ಗುಂಟೆಯಲ್ಲಿ ಬರುತ್ತದೆ.

ಏರಿ 10 ಸರಪಳಿ ಉದ್ದ ಇದೆ ಅಂದುಕೊಳ್ಳಿ. ಏರಿಯ ಮೇಲೆ ಸರಪಳಿಗೊಂದು ಗೂಟ ಹೊಡೆಯಿರಿ. ಪ್ರತಿ ಗೂಟದಿಂದ ಏರಿಗೆ ನೇರ ಅಡ್ಡಲಾಗಿ ನೀರಿನ ಆಚೆ ಅಂಚಿನವರೆಗೆ ಎಷ್ಟು ದೂರ ಅಂತ ಅಳೆಯಿರಿ. ಮೊದಲ ಗೂಟದಲ್ಲಿ 4 ಸರಪಳಿ ಬಂತು. ಮುಂದೆ 7, 9, 10, 11, 11, 10, 8, 5, ಕೊನೆಯಲ್ಲಿ 0. ಈಗ ಪ್ರತಿ ಸರಪಳಿ ಅಗಲದ ಪಟ್ಟಿಯನ್ನೂ ಒಂದು ಆಯತ ಅಂತಲೇ ತಗೊಳ್ಳೋಣ. ಮೊದಲ ಪಟ್ಟಿ 4 ಗುಂಟೆ, ಎರಡನೆಯದು 7 ಗುಂಟೆ, ಹೀಗೆ. ಒಟ್ಟು 75 ಗುಂಟೆ. ಅಂದರೆ 1 ಎಕರೆ 35 ಗುಂಟೆ.

ಇದು ಸರಿಯಾದ ವಿಸ್ತೀರ್ಣ ಅಲ್ಲ, ಅಂದಾಜು. ಅಂಚು ಡೊಂಕಾಗಿದೆ, ನಮ್ಮ ಆಯತದ ತಲೆ ನೇರವಾಗಿದೆ. ಒಂದು ಕಡೆ ಆಯತ ನೀರಿನಿಂದ ಹೊರಗೆ ಚಾಚಿದೆ, ಇನ್ನೊಂದು ಕಡೆ ನೀರು ಆಯತದಿಂದ ಹೊರಗೆ ಉಳಿದಿದೆ. ಏನು ಮಾಡಬೇಕು? ಗೂಟಗಳನ್ನು ಹತ್ತಿರ ಹತ್ತಿರ ಹೊಡೆಯಬೇಕು. ಅರ್ಧ ಸರಪಳಿಗೊಂದು, ಅಂದರೆ 8 ಆಣೆಗೊಂದು ಗೂಟ ಹೊಡೆದರೆ 20 ಪಟ್ಟಿ ಆಗುತ್ತದೆ. ತಪ್ಪು ಕಡಿಮೆಯಾಗುತ್ತದೆ. ಆಣೆಗೊಂದು ಗೂಟ ಹೊಡೆದರೆ 160 ಪಟ್ಟಿ, ತಪ್ಪು ಇನ್ನೂ ಕಡಿಮೆ.

ಇಲ್ಲಿ ಒಂದು ವಿಷಯ ನಿಂತು ನೋಡಬೇಕು. ಗೂಟಗಳು ಹತ್ತಿರವಾದಷ್ಟೂ ಒಂದೊಂದು ಪಟ್ಟಿಯ ವಿಸ್ತೀರ್ಣ ಸೊನ್ನೆಗೆ ಹೋಗುತ್ತದೆ. ಹಾಗಂತ ಕೆರೆ ಮಾಯವಾಗುತ್ತದಾ? ಇಲ್ಲ. ಪಟ್ಟಿ ಸಣ್ಣದಾದಷ್ಟೇ ಪಟ್ಟಿಗಳ ಲೆಕ್ಕ ಏರುತ್ತದೆ. ಒಟ್ಟು ಮೊತ್ತ ಕೆರೆಯ ನಿಜವಾದ ವಿಸ್ತೀರ್ಣಕ್ಕೇ ಹತ್ತಿರ ಬರುತ್ತದೆ. ಆ ನಿಜವಾದ ವಿಸ್ತೀರ್ಣಕ್ಕೆ ಗಣಿತದಲ್ಲಿ ಡೆಫಿನಿಟ್ ಇಂಟಿಗ್ರಲ್ ಅನ್ನುತ್ತಾರೆ. ಪಟ್ಟಿಗಳ ಮೊತ್ತದ ಲಿಮಿಟ್ ಅಂದರೆ ಅದೇ.

## ಲೆಕ್ಕದೊಳಗಿನ ಏರಿ, ಗೂಟ, ಪಟ್ಟಿ

ಈಗ ಏರಿಯ ಉದ್ದ 1 ಅಂತ ಇಟ್ಟುಕೊಳ್ಳಿ. ಅದನ್ನು ಎನ್ ಸಮಭಾಗ ಮಾಡಿದರೆ ಪ್ರತಿ ಪಟ್ಟಿಯ ಅಗಲ 1/ಎನ್. ಗೂಟಗಳು ಇರುವ ಜಾಗ 1/ಎನ್, 2/ಎನ್, 3/ಎನ್, … ಕೊನೆಯದು ಎನ್/ಎನ್, ಅಂದರೆ 1. ಕೆ-ನೇ ಗೂಟ ಕೆ/ಎನ್‌ನಲ್ಲಿ ಇದೆ. ಗೂಟದ ಜಾಗ ಎಕ್ಸ್ ಆದರೆ ಅಲ್ಲಿಂದ ಅಂಚಿನವರೆಗಿನ ದೂರವನ್ನು ಹೇಳುವ ನಿಯಮವೇ ಫಂಕ್ಷನ್.

ಹಾಗಾದರೆ ಪಟ್ಟಿಗಳ ಮೊತ್ತ ಹೀಗಿರುತ್ತದೆ: ಪ್ರತಿ ಪದದಲ್ಲೂ ಒಂದು 1/ಎನ್ ಇರುತ್ತದೆ, ಅದು ಅಗಲ. ಉಳಿದಿದ್ದು ಪೂರ್ತಿ ಕೆ/ಎನ್ ಮೇಲೆ ನಿಂತಿರುತ್ತದೆ, ಅದು ಉದ್ದ.

ಲೆಕ್ಕದಲ್ಲಿ ಮೊದಲು ಹುಡುಕಬೇಕಾದ್ದು ಆ 1/ಎನ್ ಅನ್ನು. ನನ್ನ ಪ್ರಕಾರ ಈ ಪಾಠದಲ್ಲಿ ಇದಕ್ಕಿಂತ ದೊಡ್ಡ ವಿಷಯ ಬೇರೆ ಇಲ್ಲ. ಕೆಲವು ಲೆಕ್ಕದಲ್ಲಿ ಅದು ಎದುರಿಗೇ ಇರುತ್ತದೆ, ಕೆಲವದರಲ್ಲಿ ಒಳಗೆ ಅಡಗಿರುತ್ತದೆ. ನಮ್ಮ 1/(ಎನ್+ಕೆ)ಯಲ್ಲಿ ಅಡಗಿದೆ. ಛೇದದಿಂದ ಎನ್ ಹೊರಗೆ ತೆಗೆಯಿರಿ:

1/(ಎನ್+ಕೆ) = (1/ಎನ್) × 1/(1 + ಕೆ/ಎನ್)

ಅಗಲ ಸಿಕ್ಕಿತು, 1/ಎನ್. ಉದ್ದವೂ ಸಿಕ್ಕಿತು, 1/(1 + ಕೆ/ಎನ್). ಕೆ/ಎನ್ ಜಾಗದಲ್ಲಿ ಎಕ್ಸ್ ಬರೆದರೆ ಫಂಕ್ಷನ್ 1/(1+ಎಕ್ಸ್). ಅಗಲದ 1/ಎನ್ ಜಾಗದಲ್ಲಿ ಡಿಎಕ್ಸ್ ಬರುತ್ತದೆ. ಸಿಗ್ಮಾ ಜಾಗದಲ್ಲಿ ಇಂಟಿಗ್ರಲ್ ಚಿಹ್ನೆ ∫ ಬರುತ್ತದೆ. ಕೆ 1ರಿಂದ ಎನ್‌ವರೆಗೆ ಓಡುವಾಗ ಕೆ/ಎನ್ 1/ಎನ್‌ನಿಂದ 1ರವರೆಗೆ ಓಡುತ್ತದೆ. ಲಿಮಿಟ್‌ನಲ್ಲಿ 1/ಎನ್ ಸೊನ್ನೆ ಆಗುವುದರಿಂದ ಎಕ್ಸ್ 0ಯಿಂದ 1ರವರೆಗೆ.

1/(1+ಎಕ್ಸ್) ಇಂಟಿಗ್ರಲ್ ಲಾಗ್(1+ಎಕ್ಸ್). ಮೇಲೆ 1 ಹಾಕಿದರೆ ಲಾಗ್ 2, ಕೆಳಗೆ 0 ಹಾಕಿದರೆ ಲಾಗ್ 1, ಅದು ಸೊನ್ನೆ. ಉತ್ತರ ಲಾಗ್ 2. ಇದು ಇ ಆಧಾರದ ಲಾಗ್, ಬೆಲೆ ಸುಮಾರು 0.6931. ಅರ್ಧಕ್ಕೂ ಒಂದಕ್ಕೂ ನಡುವೆ ಇರಬೇಕು ಅಂತ ಮೊದಲೇ ಅಂದುಕೊಂಡಿದ್ದೆವು, ಇದೆ.

ಇದನ್ನು ಸುಮ್ನೆ ನಂಬಬೇಕಾಗಿಲ್ಲ. ಎರಡು ಕಡೆಯಿಂದ ಹಿಡಿದು ನೋಡಬಹುದು. ಎಕ್ಸ್ ಏರಿದಂತೆ 1/(1+ಎಕ್ಸ್) ಇಳಿಯುತ್ತಾ ಹೋಗುತ್ತದೆ. ಪಟ್ಟಿಯ ಬಲಗಡೆ ಗೂಟದಲ್ಲಿ ಅಳೆದರೆ ಕಡಿಮೆ ಉದ್ದ ಸಿಗುತ್ತದೆ, ಆಗ ಮೊತ್ತ ನಿಜವಾದ ವಿಸ್ತೀರ್ಣಕ್ಕಿಂತ ಕಡಿಮೆ. ನಮ್ಮ ಮೊತ್ತ ಇಂಥದ್ದು. ಎಡಗಡೆ ಗೂಟದಲ್ಲಿ ಅಳೆದರೆ ಜಾಸ್ತಿ ಉದ್ದ ಸಿಗುತ್ತದೆ. ಆ ಮೊತ್ತ 1/ಎನ್ + 1/(ಎನ್+1) + … + 1/(2ಎನ್−1). ಇದರಿಂದ ನಮ್ಮ ಮೊತ್ತವನ್ನು ಕಳೆಯಿರಿ. ನಡುವಿನ ಪದಗಳೆಲ್ಲ ಹೊಡೆದುಹೋಗಿ 1/ಎನ್ − 1/(2ಎನ್), ಅಂದರೆ 1/(2ಎನ್) ಉಳಿಯುತ್ತದೆ. ನಿಜವಾದ ವಿಸ್ತೀರ್ಣ ಇವೆರಡರ ನಡುವೆ ಸಿಕ್ಕಿಕೊಂಡಿದೆ, ಅಂತರವೋ ಎನ್ ಬೆಳೆದಂತೆ ಸೊನ್ನೆಗೆ ಹೋಗುತ್ತಿದೆ. ಎನ್ 10 ಆದಾಗ 0.6688 ಮತ್ತು 0.7188. ಎನ್ 100 ಆದಾಗ 0.6907 ಮತ್ತು 0.6957. ಎನ್ 1000 ಆದಾಗ 0.6929 ಮತ್ತು 0.6934. ಲಾಗ್ 2ಕ್ಕೆ ಎಲ್ಲೂ ತಪ್ಪಿಸಿಕೊಳ್ಳಲು ಜಾಗ ಇಲ್ಲ.

ಒಂದು ಪ್ರಶ್ನೆ ಉಳಿಯಿತು. ವಿಸ್ತೀರ್ಣ ಬೇಕು ಅಂದಾಗ ಡಿಫರೆನ್ಸಿಯೇಷನ್‌ನ ಉಲ್ಟಾ ಯಾಕೆ ಮಾಡುತ್ತೇವೆ? ಏರಿಯ ಉದ್ದಕ್ಕೂ ಎಡದಿಂದ ಬಲಕ್ಕೆ ಅಳೆಯುತ್ತಾ ಹೋಗುತ್ತಿದ್ದೀರಿ. ಒಂದು ಹೆಜ್ಜೆ ಮುಂದೆ ಹೋದರೆ ಅಳೆದ ವಿಸ್ತೀರ್ಣಕ್ಕೆ ಎಷ್ಟು ಸೇರುತ್ತದೆ? ಆ ಜಾಗದ ಉದ್ದ ಇಂಟು ಆ ಹೆಜ್ಜೆಯಷ್ಟು. ಹಾಗಾದರೆ ವಿಸ್ತೀರ್ಣ ಬೆಳೆಯುವ ದರ ಅಂದರೆ ಆ ಜಾಗದಲ್ಲಿನ ಉದ್ದವೇ. ದರ ಕಂಡುಹಿಡಿಯುವುದು ಡಿಫರೆನ್ಸಿಯೇಷನ್. ದರ ಗೊತ್ತಿದ್ದು ವಿಸ್ತೀರ್ಣ ಬೇಕಾದರೆ ಅದನ್ನೇ ತಿರುಗಿಸಿ ಮಾಡಬೇಕು. ಕ್ಯಾಲ್ಕುಲಸ್‌ನ ಮೂಲ ಪ್ರಮೇಯದಲ್ಲಿ ಇರುವುದು ಇದೇ ಮಾತು.

## ಯಾರು ಹೀಗೆ ಮೊದಲು ಕೂಡಿಸಿದ್ದು

ಕೇರಳದಲ್ಲಿ 14ನೇ ಶತಮಾನದ ಮಾಧವನಿಂದ ಶುರುವಾದ ಗಣಿತಜ್ಞರ ಪರಂಪರೆಯೊಂದು ಇತ್ತು. ಆ ಪರಂಪರೆಯ ಜ್ಯೇಷ್ಠದೇವ 16ನೇ ಶತಮಾನದಲ್ಲಿ ಮಲಯಾಳಂನಲ್ಲಿ ಬರೆದಿಟ್ಟ ಲೆಕ್ಕಗಳಲ್ಲಿ ನಮಗೆ ಬೇಕಾದದ್ದೇ ಇದೆ: ಎನ್ ತುಂಬಾ ದೊಡ್ಡದಾದಾಗ 1ರಿಂದ ಎನ್‌ವರೆಗಿನ ವರ್ಗಗಳ ಮೊತ್ತ ಹತ್ತಿರಹತ್ತಿರ ಎನ್³/3, ಘನಗಳ ಮೊತ್ತ ಎನ್⁴/4, ಮುಂದಿನ ಘಾತಗಳಿಗೂ ಹೀಗೆಯೇ. ವೃತ್ತದ ಪರಿಧಿಗೆ ಅನಂತ ಶ್ರೇಢಿ ಕಟ್ಟಲು ಅವರಿಗೆ ಇದು ಬೇಕಾಗಿತ್ತು. ಯೂರೋಪಿನಲ್ಲಿ ನ್ಯೂಟನ್, ಲೈಬ್ನಿಟ್ಸ್ ಬಂದಿದ್ದು 17ನೇ ಶತಮಾನದಲ್ಲಿ. ∫ ಚಿಹ್ನೆಯನ್ನು ಲೈಬ್ನಿಟ್ಸ್ 1675ರಲ್ಲಿ ಬರೆದ. ಪಟ್ಟಿಗಳ ಮೊತ್ತದ ಲಿಮಿಟ್ ಅನ್ನೇ ಇಂಟಿಗ್ರಲ್‌ನ ವ್ಯಾಖ್ಯೆಯಾಗಿ 1854ರಲ್ಲಿ ಖಚಿತವಾಗಿ ಇಟ್ಟವನು ಜರ್ಮನಿಯ ರೀಮಾನ್. ಅದಕ್ಕೇ ಇಂಥ ಮೊತ್ತಗಳಿಗೆ ರೀಮಾನ್ ಮೊತ್ತ ಅಂತ ಹೆಸರು.

## ಪರೀಕ್ಷೆಯಲ್ಲಿ ಎಡವುವ ಜಾಗಗಳು

ದಾರಿ ಗೊತ್ತಾದ ಮೇಲೂ ಮಕ್ಕಳು ಅಂಕ ಕಳೆದುಕೊಳ್ಳುತ್ತಾರೆ. ಹೆಚ್ಚು ಎಡವುವುದು ಕೊನೆಯ ಪದದಲ್ಲಿ.

ಎನ್/(ಎನ್²+1²) + ಎನ್/(ಎನ್²+2²) + … + 1/(5ಎನ್)

ಕೆ-ನೇ ಪದ ಎನ್/(ಎನ್²+ಕೆ²). ಛೇದದಿಂದ ಎನ್² ಹೊರಗೆ ತೆಗೆದರೆ (1/ಎನ್) × 1/(1 + (ಕೆ/ಎನ್)²). ಫಂಕ್ಷನ್ 1/(1+ಎಕ್ಸ್²), ಇಂಟಿಗ್ರಲ್ ಟ್ಯಾನ್ ಇನ್ವರ್ಸ್. ಇಲ್ಲಿವರೆಗೆ ಎಲ್ಲರೂ ಬರುತ್ತಾರೆ. ಆಮೇಲೆ ಅಭ್ಯಾಸ ಬಲದಿಂದ 0ಯಿಂದ 1 ಅಂತ ಹಾಕಿ ಪೈ/4 ಬರೆದುಬಿಡುತ್ತಾರೆ. ಆಯ್ಕೆಗಳಲ್ಲಿ ಪೈ/4 ಇದ್ದೇ ಇರುತ್ತದೆ.

ಕೊನೆಯ ಪದ 1/(5ಎನ್) ಅಂತ ಕೊಟ್ಟಿದ್ದು ಯಾಕೆ? ಎನ್/(ಎನ್²+ಕೆ²) = 1/(5ಎನ್) ಅಂತ ಬರೆದು ಬಿಡಿಸಿ. ಎನ್² + ಕೆ² = 5ಎನ್², ಹಾಗಾಗಿ ಕೆ = 2ಎನ್. ಕೆ ನಿಲ್ಲುವುದು ಎನ್‌ನಲ್ಲಿ ಅಲ್ಲ, 2ಎನ್‌ನಲ್ಲಿ. ಪಟ್ಟಿಯ ಅಗಲ 1/ಎನ್ ಹಾಗೇ ಇದೆ, ಪಟ್ಟಿಗಳು ಎರಡರಷ್ಟು ಇವೆ. ಅಂದರೆ ಏರಿಯ ಉದ್ದ 2. ಎಕ್ಸ್ 0ಯಿಂದ 2ರವರೆಗೆ. ಉತ್ತರ ಟ್ಯಾನ್ ಇನ್ವರ್ಸ್ 2, ಸುಮಾರು 1.107. ಪೈ/4 ಅಂದರೆ 0.785. ವ್ಯತ್ಯಾಸ ಸಣ್ಣದಲ್ಲ. ಕೊನೆಯ ಪದ 1/(2ಎನ್) ಆಗಿದ್ದರೆ ಪೈ/4 ಸರಿ ಇರುತ್ತಿತ್ತು. ಕೊನೆಯ ಪದದಿಂದ ಕೆ ಎಷ್ಟು ಅಂತ ಲೆಕ್ಕ ಹಾಕದೆ ಮೇಲಿನ ಮಿತಿ ಬರೆಯಲೇಬೇಡಿ.

ಇನ್ನೊಂದು ಜಾಗ ನೋಡೋಕೆ ಅವಳಿಗಳ ಹಾಗಿರುವ ಎರಡು ಲೆಕ್ಕ. ಒಂದರಲ್ಲಿ ಕೆ-ನೇ ಪದ 1/√(ಎನ್²+ಕೆ²). ಇನ್ನೊಂದರಲ್ಲಿ 1/√(ಎನ್²+ಕೆ). ಎರಡರಲ್ಲೂ ಕೆ 1ರಿಂದ ಎನ್‌ವರೆಗೆ. ಮೊದಲನೆಯದು ನಮ್ಮ ದಾರಿಗೆ ಬರುತ್ತದೆ: 1/ಎನ್ ಹೊರಗೆ, ಒಳಗೆ 1/√(1 + (ಕೆ/ಎನ್)²). ಇಂಟಿಗ್ರೇಟ್ ಮಾಡಿದರೆ ಲಾಗ್(1+√2), ಸುಮಾರು 0.8814.

ಎರಡನೆಯದರಲ್ಲಿ 1/ಎನ್ ಹೊರಗೆ ತೆಗೆದರೆ ಒಳಗೆ ಉಳಿಯುವುದು 1/√(1 + ಕೆ/ಎನ್²). ಕೆ/ಎನ್ ಅಲ್ಲ, ಕೆ/ಎನ್². ಅದನ್ನು ಎಕ್ಸ್ ಅಂತ ಬರೆಯುವ ಹಾಗಿಲ್ಲ, ಅದು ಗೂಟದ ಜಾಗ ಅಲ್ಲ. ಇಲ್ಲಿ ಸ್ಯಾಂಡ್‌ವಿಚ್ ಪ್ರಮೇಯ ಬೇಕು. ಪ್ರತಿ ಪದವೂ 1/√(ಎನ್²+ಎನ್)ಗಿಂತ ಕಡಿಮೆ ಇಲ್ಲ, 1/√(ಎನ್²+1)ಗಿಂತ ಜಾಸ್ತಿ ಇಲ್ಲ. ಪದಗಳು ಎನ್. ಹಾಗಾಗಿ ಮೊತ್ತ ಎನ್/√(ಎನ್²+ಎನ್) ಮತ್ತು ಎನ್/√(ಎನ್²+1) ಇವುಗಳ ನಡುವೆ ಇರುತ್ತದೆ. ಎರಡೂ 1ಕ್ಕೆ ಹೋಗುತ್ತವೆ. ಉತ್ತರ 1.

ಇಂಟಿಗ್ರಲ್‌ಗೆ ಸಂಬಂಧವೇ ಇಲ್ಲದ ಮೊತ್ತಗಳೂ ಇವೆ. 1/(1×2) + 1/(2×3) + … + 1/(ಎನ್(ಎನ್+1)) ನೋಡಿ. ಇಲ್ಲಿ ಎನ್ ಬೆಳೆದರೆ ಹಳೆಯ ಪದಗಳು ಬದಲಾಗುವುದಿಲ್ಲ, ಮೊದಲ ಪದ ಯಾವಾಗಲೂ ಅರ್ಧವೇ. ಅಂದರೆ ಕುಗ್ಗುವ ಅಗಲವೇ ಇಲ್ಲ. ಪ್ರತಿ ಪದವನ್ನೂ 1/ಕೆ − 1/(ಕೆ+1) ಅಂತ ಬಿಡಿಸಿದರೆ ನಡುವಿನದೆಲ್ಲ ಹೊಡೆದುಹೋಗಿ 1 − 1/(ಎನ್+1) ಉಳಿಯುತ್ತದೆ. ಲಿಮಿಟ್ 1.

## ಗುಣಾಕಾರ ಬಂದರೆ

ಕೊನೆಗೆ ಒಂದು ಲೆಕ್ಕ. ನೋಡಿದರೆ ಮೊತ್ತದ ಸುಳಿವೇ ಇಲ್ಲ. 1 × 2 × 3 × … × ಎನ್, ಅಂದರೆ ಎನ್ ಫ್ಯಾಕ್ಟೋರಿಯಲ್. ಅದನ್ನು ಎನ್‌ನ ಎನ್-ನೇ ಘಾತದಿಂದ ಭಾಗಿಸಿ, ಬಂದ ಸಂಖ್ಯೆಯ ಎನ್-ನೇ ಮೂಲ ತೆಗೆಯಿರಿ. ಲಿಮಿಟ್ ಎಷ್ಟು?

ಫ್ಯಾಕ್ಟೋರಿಯಲ್‌ನ ಎನ್ ಅಂಶಗಳಿಗೂ ಒಂದೊಂದು ಎನ್ ಹಂಚಿ. ಮೂಲದೊಳಗೆ (1/ಎನ್) × (2/ಎನ್) × … × (ಎನ್/ಎನ್) ಬರುತ್ತದೆ. ಗೂಟಗಳ ಜಾಗಗಳೇ ಕಾಣುತ್ತಿವೆ, ಆದರೆ ಗುಣಾಕಾರದಲ್ಲಿ. ಗುಣಾಕಾರವನ್ನು ಕೂಡುವುದಾಗಿ ಮಾಡಲು ಲಾಗ್ ತಗೊಳ್ಳಬೇಕು. ಎನ್-ನೇ ಮೂಲ ಅಂದರೆ ಘಾತ 1/ಎನ್, ಲಾಗ್ ತಗೊಂಡರೆ ಅದು ಮುಂದೆ ಬಂದು ಕೂರುತ್ತದೆ. ಸಿಗುವುದು 1/ಎನ್ ಇಂಟು ಎಲ್ಲ ಲಾಗ್(ಕೆ/ಎನ್)ಗಳ ಮೊತ್ತ. ಅಗಲ ಇದೆ, ಉದ್ದ ಇದೆ. ಫಂಕ್ಷನ್ ಲಾಗ್ ಎಕ್ಸ್, 0ಯಿಂದ 1ರವರೆಗೆ. ಇಂಟಿಗ್ರಲ್ ಎಕ್ಸ್ ಲಾಗ್ ಎಕ್ಸ್ − ಎಕ್ಸ್, ಬೆಲೆ −1. ಲಾಗ್ −1 ಆದ್ದರಿಂದ ಉತ್ತರ 1/ಇ, ಸುಮಾರು 0.3679. ಎನ್ 10 ಆದಾಗ ಇದರ ಬೆಲೆ 0.4529. ನೂರಾದಾಗ 0.3799. ಸಾವಿರ ಆದಾಗ 0.3695.

ಇಲ್ಲಿ ಒಂದು ಎಚ್ಚರ ಬೇಕು. ಎಕ್ಸ್ ಸೊನ್ನೆಗೆ ಹೋದಾಗ ಲಾಗ್ ಎಕ್ಸ್ ಋಣ ಅನಂತಕ್ಕೆ ಇಳಿಯುತ್ತದೆ. ಏರಿಯ ಒಂದು ತುದಿಯಲ್ಲಿ ಉದ್ದಕ್ಕೆ ಕೊನೆಯೇ ಇಲ್ಲ ಅಂದ ಹಾಗೆ. ಆದರೂ ಲೆಕ್ಕ ನಿಲ್ಲುತ್ತದೆ. ಲಾಗ್ ಎಕ್ಸ್ ಒಂದೇ ದಿಕ್ಕಿಗೆ ಏರುವ ಫಂಕ್ಷನ್, ಮತ್ತೆ ಎಕ್ಸ್ ಲಾಗ್ ಎಕ್ಸ್ ಆ ತುದಿಯಲ್ಲಿ ಸೊನ್ನೆಗೆ ಬರುವುದರಿಂದ ಒಟ್ಟು ವಿಸ್ತೀರ್ಣ ಮಿತಿಯೊಳಗೇ ಇದೆ. 1/ಎಕ್ಸ್‌ಗೆ ಹೀಗಾಗುವುದಿಲ್ಲ. 1 + 1/2 + 1/3 + … + 1/ಎನ್ ಮೊತ್ತವನ್ನು 1/ಎನ್ ಇಂಟು 1/(ಕೆ/ಎನ್)ಗಳ ಮೊತ್ತ ಅಂತ ಬರೆಯಬಹುದು. ನೋಡೋಕೆ ಎಲ್ಲ ಸರಿಯಾಗೇ ಇದೆ, ಆದರೆ 0ಯಿಂದ 1ರವರೆಗೆ 1/ಎಕ್ಸ್ ಅಡಿಯ ವಿಸ್ತೀರ್ಣಕ್ಕೆ ಮಿತಿಯಿಲ್ಲ. ಮೊತ್ತವೂ ಹಾಗೆಯೇ, ತುಂಬಾ ನಿಧಾನವಾಗಿ, ನಿಲ್ಲದೆ ಏರುತ್ತದೆ: ಸಾವಿರ ಪದಕ್ಕೆ 7.485, ಹತ್ತು ಲಕ್ಷ ಪದಕ್ಕೆ 14.39. ಫಂಕ್ಷನ್ ಎರಡೂ ತುದಿ ಸೇರಿ ಎಲ್ಲ ಕಡೆ ಕಂಟಿನ್ಯುಯಸ್ ಆಗಿದ್ದರೆ ಈ ಯೋಚನೆ ಬೇಡ, ನೇರವಾಗಿ ಇಂಟಿಗ್ರೇಟ್ ಮಾಡಬಹುದು. ಒಂದು ತುದಿಯಲ್ಲಿ ಅನಂತ ಕಂಡರೆ ಮಾತ್ರ ಅಲ್ಲಿ ವಿಸ್ತೀರ್ಣ ಮಿತಿಯಲ್ಲಿದೆಯಾ, ಫಂಕ್ಷನ್ ಒಂದೇ ದಿಕ್ಕಿಗೆ ಸಾಗುತ್ತದೆಯಾ ಅಂತ ನೋಡಿಕೊಂಡು ಮುಂದೆ ಹೋಗಬೇಕು.